ಇಳಿಜಾರಿನ ನೂರಾ ಹನ್ನೆರಡು ಮರ

ಮಂಗಳವಾರ, ಬೆಳಿಗ್ಗೆ 6:10
ಟೇಪು, ಚಾಕ್, ಜಿಗಣೆಗೆ ಉಪ್ಪು. ರೆಡಿ. ಮೂರು ವರ್ಷ ಕಾಡಿನ ಸರ್ವೆ ಮಾಡಿಸುವ ಮೇಡಂ ವಾಟ್ಸಾಪ್ ಗ್ರೂಪಿನಲ್ಲಿ ಅವರ ಮೆಸೇಜಿಗೆ ಬರೀ ಹಾರ್ಟ್ ಒತ್ತುತ್ತಿದ್ದವಳು ಈಗ ಅವರ ತಂಡದಲ್ಲೇ ಮರ ಅಳೆಯುತ್ತಿದ್ದೇನೆ... ಕೆಲಸ ಸುಲಭ. ನೆಲದಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಮೇಲೆ ಸುತ್ತಳತೆ. ಐದು ವರ್ಷದ ಹಿಂದಿನ ಲೆಕ್ಕದ ಪಕ್ಕ ಇಟ್ಟರೆ ಸಾಕು, ಕಾಡು ಸೊರಗಿದೆಯೋ ಚೇತರಿಸಿಕೊಂಡಿದೆಯೋ ಗೊತ್ತಾಗುತ್ತದೆ.

ಬುಧವಾರ, ಸಂಜೆ
ಇಳಿಜಾರು ನನ್ನ ಪಾಲಿಗೆ. ನೂರಾ ಹನ್ನೆರಡು ಮರ, ಒಬ್ಬಳೇ. ಮರಕ್ಕಿಂತ ಕೆಳಗಡೆ, ತಗ್ಗಿನಲ್ಲಿ ನಿಂತು ಅಳೆದರೆ ಪ್ರತಿ ಮರದ ಹಿಂದೆ ಹತ್ತುವುದೇ ಬೇಡ. ಆರಾಮ.
ಅಕ್ಕನ ಫೋನ್. "ಕಿಟಕಿ ಪರದೆ ಅಳತೆ ತಗೊಳ್ಳೋಕೆ ಬರಲ್ಲ, ನೀನು ಕಾಡು ಅಳೀತೀಯಾ?"
ಬ್ಲಾಕ್ ಮಾಡಬೇಕು ಇವಳನ್ನು.

ಶುಕ್ರವಾರ
ಲೆಕ್ಕ ಬಂತು. ಇಳಿಜಾರಿನ ಕಾಡು ಒಂಬತ್ತು ಪರ್ಸೆಂಟ್ ಜಾಸ್ತಿ! ಗ್ರೂಪಿನಲ್ಲಿ ನನಗೆ ಚಪ್ಪಾಳೆ.
ಒಂದೇ ಕಿರಿಕಿರಿ — ಕಾಡು ಚೇತರಿಸಿಕೊಂಡಿದೆ ಎಂದಾದರೆ ಸೋಮವಾರದ ಮೀಟಿಂಗಿನಲ್ಲಿ ಅರಣ್ಯ ಇಲಾಖೆಯವರು ಅಲ್ಲಿ ಮರ ಕಡಿಯಲು ಮತ್ತೆ ಪರ್ಮಿಷನ್ ಕೊಡುತ್ತಾರಂತೆ. ಕೆಳಗಿನ ಊರಿಗೆಲ್ಲ ನೀರು ಬರುವುದು ಆ ಇಳಿಜಾರಿನ ತೊರೆಯಿಂದ. ಏನು ಮಾಡೋಣ, ಲೆಕ್ಕ ಲೆಕ್ಕವೇ.

ಶನಿವಾರ, ಬೆಳಿಗ್ಗೆ 11:40
ಸುಮ್ಮನೆ ಹಳೇ ಚಾಟ್ ಸ್ಕ್ರಾಲ್ ಮಾಡುತ್ತಿದ್ದೆ. ಮೇಡಂ ಬರೆದದ್ದು, ಎರಡು ವರ್ಷದ ಹಿಂದೆ: "ಇಳಿಜಾರಲ್ಲಿ ಮರಕ್ಕಿಂತ ಮೇಲ್ಗಡೆ, ಏರಿನ ಕಡೆ ನಿಂತೇ ಅಳೀರಿ. ಕೆಳಗಡೆ ನಿಂತ್ರೆ ಟೇಪು ಬುಡಕ್ಕೆ ಇಳಿಯುತ್ತೆ, ಮರ ಇಲ್ಲದ ದಪ್ಪ ತೋರಿಸುತ್ತೆ."
ಅದಕ್ಕೂ ನಾನು ಹಾರ್ಟ್ ಒತ್ತಿದ್ದೆ.
ಹೇಳಿದರೆ ತಂಡದಿಂದ ಔಟ್. ಹೇಳದಿದ್ದರೆ ಇಳಿಜಾರಿಗೆ ಕೊಡಲಿ ಏಟು.

ಶನಿವಾರ, 12:15
ಹೇಳಿದೆ. ನಾಲ್ಕು ಸಲ ಟೈಪ್ ಮಾಡಿ ಅಳಿಸಿ, ಕೊನೆಗೆ ಎದುರಿಗೇ ಹೋಗಿ.
"ಎಷ್ಟು ಮರ?"
"ಎಲ್ಲಾನೂ, ಮೇಡಂ."
ಕನ್ನಡಕ ತೆಗೆದು ಒರೆಸಿಕೊಂಡರು. "ಊಟ ಮಾಡಿ ಬೂಟ್ ಹಾಕ್ಕೋ. ನಾಳೆ ಸಂಜೆ ತನಕ ಟೈಮ್ ಇದೆ. ನಾನೂ ಬರ್ತೀನಿ."
ಜೀಪಿನ ಡ್ರೈವರಣ್ಣ: "ಕೆಳಗಡೆ ನಾನು ಕಾವಲು ನಿಲ್ತೀನಿ ಬಿಡಮ್ಮ. ನೀನು ಮರೆತು ಇಳಿದು ಬಂದ್ರೆ ವಾಪಸ್ ಅಟ್ಟಿಬಿಡ್ತೀನಿ."

ಸೋಮವಾರ, ಸಂಜೆ
ಹನ್ನೊಂದು ಪರ್ಸೆಂಟ್ ಕಡಿಮೆ. ಐದು ವರ್ಷದಲ್ಲಿ ಕಡಿದ ಮರಗಳ ನಷ್ಟವೆಲ್ಲ ನನ್ನ ಸುಳ್ಳು ದಪ್ಪದ ಹಿಂದೆ ಅಡಗಿತ್ತು. ಮೈಯೆಲ್ಲ ನೋವು. ಮನಸ್ಸು ಹಗುರ.
ಮೇಡಂ ಮೀಟಿಂಗಿನಲ್ಲಿ ಹೇಳಿದ್ದು ಇಷ್ಟೇ: "ಮೊದಲ ಲೆಕ್ಕ ತಪ್ಪು. ಅಳೆದವಳೇ ಬಂದು ಹೇಳಿದ್ಲು." ಪರ್ಮಿಷನ್ ಕೊಡಲಿಲ್ಲ. ಐದು ವರ್ಷ ಆ ಇಳಿಜಾರಿಗೆ ಕೊಡಲಿ ಇಲ್ಲ.
ವಾಪಸ್ ಬಂದು ಕೇಳಿದರು, "ಐದು ವರ್ಷ ಆದ್ಮೇಲೆ ಇಳಿಜಾರು ಯಾರು ಅಳೀತೀರಿ?" ಎಲ್ಲರೂ ಅವರವರ ಚಪ್ಪಲಿ ನೋಡಿಕೊಂಡರು. ನನ್ನ ಕೈ ಆಗಲೇ ಮೇಲಿತ್ತು. ಮೇಡಂ ನಕ್ಕು, ಇಳಿಜಾರಿನ ಮುಂದೆ ನನ್ನ ಹೆಸರು ಬರೆದುಕೊಂಡರು.