ನೀಲವ್ವ ಹೊಡೆದ ಮೊಳೆ

ಹರಿಹರ, ಹೊಳೆ ದಿಕ್ಕು ಬದಲಿಸಿದ ತೊಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತೈದನೆಯ ದಿನ.

ಕೊಟ್ರೇಶಜ್ಜನಿಗೆ, ನಿನ್ನ ಮಗಳು ನೀಲವ್ವನ ವಂಶದ ಹಾಲಮ್ಮ ಮಾಡುವ ನಮಸ್ಕಾರಗಳು. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸು; ಮುನ್ನೂರು ವರ್ಷದಲ್ಲಿ ಮಾತು ಸ್ವಲ್ಪ ಸವೆದಿದೆ. ಇದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಕಾಗದ. ಜೀವಮಾನಕ್ಕೆ ಒಂದೇ ಸಿಗುತ್ತದೆ. "ಹೋಗಿ ಹೋಗಿ ಆ ಕುಡುಕ ಅಜ್ಜಗ ಬರಿತೀಯೇನ?" ಎಂದು ನನ್ನ ತಂಗಿ ನಕ್ಕಳು. ನಗಲಿ ಬಿಡು.

ನಮ್ಮ ಮನೆಯಲ್ಲಿ ಹಿರಿಯರ ಮುಖದ ಫೋಟೋ ಹಾಕುವುದಿಲ್ಲ. ಒಳಪಟ ಹಾಕುತ್ತೇವೆ, ನೀವು ಮಿದುಳಿನ ಸ್ಕ್ಯಾನ್ ಅನ್ನುತ್ತೀರಲ್ಲ, ಅದೇ. ಕಾಯಿಲೆಯದೊಂದು, ವಾಸಿಯಾದದ್ದೊಂದು, ಅಕ್ಕಪಕ್ಕದ ಮೊಳೆಗಳಿಗೆ. ಹೆಸರಿಡುವ ದಿನ ಕೂಸನ್ನು ಎತ್ತಿಕೊಂಡು ಎಲ್ಲ ತೋರಿಸುತ್ತೇವೆ. ನಿನ್ನದು ಕುಡಿತ ಬಿಟ್ಟ ಮೂರನೆಯ ದಿನದ್ದು. ಮಿದುಳು ಕುಗ್ಗಿ ನಡುವಿನ ನೀರಿನ ಜಾಗ ಅಗಲವಾಗಿದೆ, ಹಣೆಯ ಹಿಂದೆ ಮಂಕು. ಹೆಂಡ ಅದುಮಿಟ್ಟಿದ್ದ ಉದ್ವೇಗವೆಲ್ಲ ಒಮ್ಮೆಲೇ ಎದ್ದು ಕೆಂಪಗೆ ಉರಿಯುತ್ತಿದೆ. "ಕಾದ ಬಾಣಲಿ ಐತವ್ವ, ಆರಾಕ ಬಿಡಬೇಕು" ಅನ್ನುತ್ತಿದ್ದಳು ನನ್ನಜ್ಜಿ.

ನಾನು ಕಾಣದ ನಿನ್ನ ಕಾಲ ನೆನೆದರೆ ಕಣ್ಣು ತುಂಬುತ್ತದೆ. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ನೀನು ಕ್ಲಾರಿನೆಟ್ ಊದುತ್ತಿದ್ದರೆ ಜನ ಮದುಮಗನನ್ನು ಬಿಟ್ಟು ನಿನ್ನನ್ನೇ ನೋಡುತ್ತಿದ್ದರಂತೆ. ಆ ಮಂಡಕ್ಕಿ ಮೆಣಸಿನಕಾಯಿ, ಆ ಗದ್ದಲ, ಆ ಧೂಳು! ನಮ್ಮ ಬೀದಿಗಳು ಬಲು ಚೊಕ್ಕ, ಬಲು ಮೌನ. ಸಾಕಾಗಿ ಹೋಗಿದೆ.

ಈಗ ನೀನು ವಾರ್ಡಿನ ಮಂಚದಲ್ಲಿದ್ದೀಯ. ಕೈ ನಡುಗುತ್ತಿದೆ, ಗೋಡೆಯ ಮೇಲೆ ಇಲ್ಲದ ಹುಳುಗಳು ಹರಿಯುತ್ತಿವೆ. ಹೊರಗೆ ಹೋಗಿ ಕುಡಿಯಲು ನೀನು ಚಪ್ಪಲಿ ಹುಡುಕಿದೆ ಎಂಬಲ್ಲಿಗೆ ನಮ್ಮ ಮನೆಯ ಕಥೆ ನಿಲ್ಲುತ್ತದೆ. ಮುಂದೇನಾಯಿತೋ ಯಾರಿಗೂ ಗೊತ್ತಿಲ್ಲ. ಕೆಲವು ವಾರ ಬಿಟ್ಟು ಇನ್ನೊಂದು ಪಟ ತೆಗೆಯೋಣ ಎಂದಿದ್ದರು ಡಾಕ್ಟರು. ಕುಡಿಯದೆ ಇದ್ದರೆ ಕುಗ್ಗಿದ ಮಿದುಳು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ ಅಜ್ಜ, ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಡಾಕ್ಟರ ಆ ಮಾತು ಕೇಳಿದ್ದೇ ನೀಲವ್ವ ಮನೆಗೆ ಓಡಿ, ಕುರ್ಚಿ ಹತ್ತಿ, ಬರಲಿರುವ ಪಟಕ್ಕೆಂದು ಎರಡನೆಯ ಮೊಳೆ ಹೊಡೆದಳು. ನಮ್ಮ ಪದ್ಧತಿ ಹುಟ್ಟಿದ್ದೇ ಅದರಿಂದ. ಮನೆ ಎಷ್ಟೋ ಸಲ ಬದಲಾಯಿತು. ಪ್ರತಿ ಸಲವೂ ಆ ಮೊಳೆ ಕಿತ್ತು ತಂದು ಹೊಡೆದೆವು. ಅದರಲ್ಲಿ ಇನ್ನೂ ಏನೂ ತೂಗುತ್ತಿಲ್ಲ.

ನಾಳೆ ನನ್ನ ಮೊಮ್ಮಗಳಿಗೆ ಹೆಸರಿಡುತ್ತೇವೆ. ಅವಳನ್ನು ಎತ್ತಿಕೊಂಡು ಆ ಖಾಲಿ ಮೊಳೆಯ ಮುಂದೆ ನಿಲ್ಲಬೇಕು, ನನಗೆ ಭಯವಾಗುತ್ತಿದೆ. ಚಪ್ಪಲಿ ಅಲ್ಲೇ ಬಿಡಜ್ಜ. ನರ್ಸಮ್ಮನನ್ನು ಕೂಗು, ಮದ್ದು ಕೊಡುತ್ತಾರೆ. ಇವತ್ತೊಂದು ದಿನ ತಡೆದುಕೋ. ನಿನ್ನ ಕಾಲದಲ್ಲಿ ಈಗ ನೀಲವ್ವ ಸುತ್ತಿಗೆ ಹಿಡಿದು ಇನ್ನೂ ಕುರ್ಚಿಯ ಮೇಲೆಯೇ ನಿಂತಿದ್ದಾಳೆ.