ಪಾಲಬಾವಿ ಖಣಿಯ ಬೇಲಿ

ಪಾಲಬಾವಿ,
ತಾ. ೧೧–೬–೨೦೨೪

ಚಿ. ಸೌ. ಸ್ನೇಹಲಳಿಗೆ ನಿನ್ನ ದೊಡ್ಡಪ್ಪನ ಅನೇಕ ಆಶೀರ್ವಾದ.

ಅಳಿಯ ವಿಕ್ರಾಂತನ ಬೆನ್ನುನೋವು ಇಳಿಯಿತೇ? ಕೂಸು ಸಾರಿಕಾಗೆ ಹಲ್ಲು ಬಂದವೇ? ನಿಮ್ಮವ್ವ ಉಜ್ವಲಾಳ ಮೊಣಕಾಲು ಹೇಗಿದೆ? ಇಲ್ಲಿ ನಿನ್ನ ದೊಡ್ಡವ್ವ ಅಕ್ಕವ್ವ ಆರಾಮ ಇದ್ದಾಳೆ. ನನಗೆ ಮಾತ್ರ ಎಂಟು ದಿವಸದಿಂದ ಊಟ ಸೇರುತ್ತಿಲ್ಲ.

ನಮ್ಮೂರ ತಾತ್ಯಾಸಾಹೇಬರ ಕಲ್ಲಿನ ಖಣಿ ನೋಡಲು ಗಣಿ ಇಲಾಖೆಯಿಂದ ಇಪ್ಪತ್ತೇಳಕ್ಕೆ ಬರುವವಳು ನೀನೇ ಅಂತ ಗೊತ್ತಾಯಿತು. ಕಲ್ಲು ಮುಗಿಯಿತು, ಖಣಿ ಬಂದ್ ಮಾಡಿದ್ದೇವೆ, ಡಿಪಾಜಿಟ್ ಮರಳಿ ಕೊಡಿರಿ ಅಂತ ಅವರ ಅರ್ಜಿ. ಅದಕ್ಕೆ ಊರ ಪಂಚರ ಹೇಳಿಕೆ ಹಚ್ಚಿದೆ: ಸುತ್ತಲೂ ತಂತಿ ಬೇಲಿ ಹಾಕಿದೆ, ಇನ್ನೂರು ಬೇವಿನ ಸಸಿ ನೆಟ್ಟಿದೆ. ಕೆಳಗೆ ಮೊದಲ ಸಹಿ ನನ್ನದು. ಯಾವ ಪಂಚನಾಮೆ ಇದ್ದರೂ ಊರವರು ನನ್ನನ್ನೇ ಕರೆಯುತ್ತಾರೆ, ನಿನಗೆ ಗೊತ್ತಿದ್ದದ್ದೇ.

ಬೇಲಿ ಇಲ್ಲ ನನ್ನವ್ವಾ. ಸಸಿಯೂ ಇಲ್ಲ. ಫೋಟೋ ತೆಗೆಯುವ ದಿವಸ ಬೇವಿನ ಟೊಂಗಿ ಕಡಿದು ಸಾಲಾಗಿ ಚುಚ್ಚಿದರು; ಮೂರನೇ ದಿವಸಕ್ಕೆ ಒಣಗಿದವು. "ಮಳಿ ಆಗ್ಲಿ, ಖರೇ ಸಸಿ ಹಚ್ಚತೇನಿ, ನೀವು ಸಹಿ ಮಾಡ್ರಿ" ಅಂದರು ತಾತ್ಯಾಸಾಹೇಬರು. ಮಾಡಿದೆ.

ಖಣಿ ಸುರುವಾಗುವಾಗ ಎಷ್ಟು ಕಟ್ಟಳೆ ಇದ್ದವು! ಮೊದಲು ಭೂಮಿ ಕೊರೆದು ಕಲ್ಲಿನ ತುಣುಕು ಪರೀಕ್ಷೆಗೆ ಒಯ್ದರು. ಡಂಗುರ ಹೊಡೆಸಿ ಗ್ರಾಮಸಭೆ ಕೂಡಿಸಿದರು, ಗಡಿಕಲ್ಲು ಹುಗಿದರು. ಮದ್ದು ತುಂಬಿ ಸುರಂಗ ಹಾರಿಸುವ ಮೊದಲು ದಿನಾ ಎಚ್ಚರಿಕೆಯ ಭೋಂಗಾ ಊದುತ್ತಿದ್ದರು. ಹನ್ನೆರಡು ವರ್ಷ ಒಬ್ಬರಿಗೂ ಗಾಯವಾಗಲಿಲ್ಲ. ಮಷೀನು ಹೋಗಿ ತೆಗ್ಗಿನಲ್ಲಿ ನೀರು ನಿಂತ ಮೇಲೆ ಗಂಡಾಂತರ ಬಂತು.

ಹೋದ ಸೋಮವಾರ ನಮ್ಮ ಓಣಿಯ ಸುಂದರಾಳ ಕರು ಅದರೊಳಗೆ ಜಾರಿ ಬಿದ್ದು ಮುಳುಗಿತು. ಹಿಡಿಯಲು ಇಳಿದ ಅವಳನ್ನು ಜನ ಸೀರೆ ಹಿಡಿದು ಮೇಲೆಳೆದರು. ಮಾತಾಡಿಸಲು ಹೋದರೆ, "ನೀವು ಕಾಗದದಾಗ ಹಾಕಿದ ಬೇಲಿ ನನ್ನ ಕರುವಿಗಿ ಕಾಣ್ಲಿಲ್ಲ ನೋಡ್ರಿ ಕಾಕಾ. ಅದಕ್ಕ ಓದಾಕ ಬರ್ತಿರಲಿಲ್ಲ" ಅಂದಳು. ಅಂದು, ಚಹಾ ಕೊಟ್ಟಳು. ಈಗ ಸಾಲಿ ಸುರುವಾಗಿದೆ, ಹುಡುಗರು ಆ ದಂಡೆಯ ಮೇಲೇ ಹಾಯುತ್ತಾರೆ.

"ಹುಡುಗಿ ನಮ್ಮಾಕಿ ಅದಾಳ, ಮುಚ್ಚಿ ಹಾಕ್ತಾಳ ಬಿಡ್ರಿ" ಅನ್ನುತ್ತಾಳೆ ನಿನ್ನ ದೊಡ್ಡವ್ವ. ಮುಚ್ಚಬೇಡ. ದೊಡ್ಡಪ್ಪನ ಸಹಿ ಸುಳ್ಳು ಅಂತಲೇ ಬರೆ. ಬೇಲಿ ಆಗುವತನಕ ಅರ್ಜಿ ಪಾಸು ಮಾಡಬೇಡ. ನಮ್ಮ ಸಂಬಂಧ ಅಡ್ಡ ಬರುವುದಿದ್ದರೆ ನಿನ್ನ ಸಾಹೇಬರಿಗೆ ಈ ಪತ್ರ ಕೊಟ್ಟು ಬೇರೆಯವರನ್ನು ಕಳಿಸಲು ಹೇಳು.

ಇಪ್ಪತ್ತೇಳರ ಒಳಗೆ ನಾಲ್ಕು ಸಾಲು ಬರೆ ತಾಯಿ. ಬೈದು ಬರೆದರೂ ಸರಿ, ಲಗೂ ಬರೆ.

ನಿನ್ನ ದೊಡ್ಡಪ್ಪ
ರಾವಸಾಹೇಬ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಖಣಿಯ ನೀರಿಗೆ ಒಂದು ಮೋಟರ್ ಪೈಪು ಇಳಿದಿದೆ. ಅದು ನಮ್ಮ ಕಬ್ಬಿನದು. ಬೇಲಿ ಹಾಕಿದ್ದರೆ ಆ ಪೈಪು ತೆಗೆಯಬೇಕಾಗುತ್ತಿತ್ತು. ಕಬ್ಬು ಕಡಿಯುವತನಕ ಬೇಲಿ ತಡೆಯಿರಿ ಅಂತ ತಾತ್ಯಾಸಾಹೇಬರಿಗೆ ಹೇಳಿದವನು ನಾನೇ. ಮೋಟರ್ ಬಂದ್ ಮಾಡಿದ್ದೇನೆ. ಪೈಪು ಮಾತ್ರ, ನೋಡುವವರು ನೋಡಲಿ ಅಂತ ಹಾಗೇ ಬಿಟ್ಟಿದ್ದೇನೆ.