ಸೀಟು ಸಿಕ್ಕಿದವಳು

ಕೊರಿನ್,

ನೀನು ಓದಲಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನು ತೀರಿಕೊಂಡ ಮೇಲೆ ನನ್ನ ಮನೆಯಲ್ಲೇ ಬೆಳೆದ ನಿನ್ನ ಮಗಳು ನೈಲಾಗೆ ಆ ಶಾಲೆಯಲ್ಲಿ ಸೀಟು ಸಿಕ್ಕಿದೆ. ಹೌದು, ಅದೇ ಶಾಲೆ. ಇಡೀ ಶಿಕಾಗೊದ ಮಕ್ಕಳು ಪರೀಕ್ಷೆ ಬರೆದು ಕಾಯುವ ಸರ್ಕಾರಿ ಹೈಸ್ಕೂಲು. ನನ್ನ ಮಗಳು ಡೆವಿನ್‌ಗೆ ಸಿಗಲಿಲ್ಲ.

ಫಲಿತಾಂಶ ಬಂದ ದಿನ ಊಟಕ್ಕೆ ಕುಳಿತಾಗ ನೈಲಾ ಹೇಳಿದಳು: "ನಾನು ಹೋಗಲ್ಲ ಚಿಕ್ಕಮ್ಮ. ಡೆವಿನ್ ಜೊತೆ ನಮ್ಮ ಬೀದಿ ಸ್ಕೂಲಿಗೇ ಹೋಗ್ತೀನಿ."

ಅವಳಿಗಳಾದ ನಮ್ಮಲ್ಲಿ ನಿನಗೊಬ್ಬಳಿಗೇ ಸೀಟು ಸಿಕ್ಕಾಗ ನೀನೂ ಅಮ್ಮನೆದುರು ಹೀಗೇ ಹೇಳಿದ್ದೆ. ಆಗ ನಾನು ತಟ್ಟೆ ನೋಡುತ್ತ ಕುಳಿತಿದ್ದೆ. ನೀನು ಆ ಶಾಲೆಗೆ ಹೋಗಲೇ ಇಲ್ಲ; ಕೊನೆಯವರೆಗೂ ಆಸ್ಪತ್ರೆಯ ಬಟ್ಟೆ ಒಗೆದೆ. ಒಂದು ದಿನವೂ ಆ ಮಾತು ಎತ್ತಲಿಲ್ಲ.

ಡೆವಿನ್ ಕೂಡ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ತಲೆಯೆತ್ತಿದಳು.

"ಏ ಹುಚ್ಚಿ, ಹೆದರಿಕೆ ಆದ್ರೆ ಹೆದರಿಕೆ ಅನ್ನು. ನನ್ನ ನೆಪ ಹೇಳ್ಬೇಡ. ತೆಪ್ಪಗೆ ಹೋಗೇ!"

ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ಅತ್ತಳು. ಆ ವಯಸ್ಸಿನಲ್ಲೂ ಹಾಗೆ ಹೇಳಬಹುದು ಎಂದು ನನಗೆ ತಿಳಿದದ್ದು ಅವತ್ತೇ.

ಇವತ್ತು ಬೆಳಿಗ್ಗೆ ನೈಲಾಳನ್ನು ರೈಲಿನಲ್ಲಿ ಕರೆದೊಯ್ದು ಬಿಟ್ಟುಬಂದೆ. ಶಾಲೆಯ ಬಾಗಿಲಲ್ಲಿ ಅವಳು ನಿಂತು ಹಿಂದೆ ತಿರುಗಿದಳು. ಥೇಟ್ ನಿನ್ನದೇ ಮುಖ.

"ಹೋಗು," ಎಂದೆ. ಹೋದಳು.

ಒಂದೇ ಮಾತು, ಕೊರಿನ್. ಒಂದು ಗಳಿಗೆಯೂ ಹಿಡಿಯಲಿಲ್ಲ.

ನಿನ್ನ ರೋಲೀನ್